ಸ್ವಂತ ಕಟ್ಟಿದ ವಿಮಾನ: ಕಾಕ್‌ಪಿಟ್ ಒಳಗೆ ಚಳಿಗಾಳಿ

ಶಿರಸಿ ಮಾಣಿ: ಈಗ ಕೆನಡಾದಲ್ಲಿದ್ದೇನೆ. ಎರಡು ಸೀಟಿನ ವಿಮಾನ ನಾನೇ ಕಟ್ಟಿದ್ದು. ಕ್ಯಾನೊಪಿ, ಅಂದರೆ ತಲೆ ಮೇಲಿನ ಪಾರದರ್ಶಕ ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಅಂಟಿಸಿದೆ. ಆದರೂ ಬೆನ್ನಿಗೇ ಗಾಳಿ ಹೊಡೆಯುತ್ತದೆ. ಮುಂದಕ್ಕೆ ಹಾರುವಾಗ ಹಿಂದಿನಿಂದ ಗಾಳಿ ಹೇಗೆ ಮಾರಾಯ್ರೆ?

ಕಾರವಾರದ ಹಳೇ ಮೆಕ್ಯಾನಿಕ್: ಹಾಗೇ ಆಗೋದು ತಮ್ಮಾ. ಕ್ಯಾನೊಪಿ ಮೇಲೆ ಗಾಳಿ ಜೋರಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕಡಿಮೆ. ಒಳಗಿನ ಗಾಳಿ ಸಂದಿಯಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಬಾಲದ ಕಡೆಯಿಂದ, ರೆಕ್ಕೆಯ ಬುಡದಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಸೀಟಿನ ಹಿಂದಿನ ಗೋಡೆ ಮುಚ್ಚು. ಸ್ಟಿಕ್‌ನಿಂದ ರೆಕ್ಕೆ, ಬಾಲಕ್ಕೆ ಹೋಗುವ ಸರಳುಗಳ (ಪುಶ್‌ರಾಡ್) ತೂತುಗಳಿಗೆ ಮೆತ್ತನೆ ಚರ್ಮದ ಚೀಲ ಹೊಲಿಸು. ವಿಮಾನ ನಡೆಸುವ ಆ ಸ್ಟಿಕ್ ಮಾತ್ರ ನಾಲ್ಕೂ ಕಡೆ ಪೂರ್ತಿ ಆಡಬೇಕು, ಎಲ್ಲೂ ಹಿಡಿಯಬಾರದು.

ಕುಮಟಾದ ಜೀಪಿನವ: ದೇವಿಮನೆ ಘಾಟಿಯಲ್ಲಿ ಡಿಸೆಂಬರ್ ಬೆಳಿಗ್ಗೆ ನನ್ನದೂ ಇದೇ ಕತೆ. ಸುಮ್ನೆ ಫೋಮ್ ತುರುಕಿದರೆ ಆಗಲ್ವಾ?

ಹಳೇ ಮೆಕ್ಯಾನಿಕ್: ಇಂಜಿನ್ ಕಡೆಯ ಗೋಡೆಗೆ ಬೇಡವೇ ಬೇಡ. ಅಲ್ಲಿ ಬೆಂಕಿ ತಡೆಯುವ ಸೀಲೆಂಟ್ ಬೇಕು. ಇಂಜಿನ್ ಹೊಗೆಯ ವಿಷಗಾಳಿ ಒಳಗೆ ಬಂದರೆ ಗೊತ್ತಾಗಲು ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಇಡು.