ಅಪ್‌ಡೇಟ್: ಎರಡು ಸಿಎಸ್‌ವಿ ಕಡತಗಳ ಹೋಲಿಕೆ ಕೊನೆಗೂ ಸರಿಹೋಯಿತು

ಚಿಕ್ಕಮಗಳೂರಿನ ನಮ್ಮ ಕಾಫಿ ಬೆಳೆಗಾರರ ಸಂಘದ ಹಳೆಯ ಮತ್ತು ಹೊಸ ಸದಸ್ಯರ ಪಟ್ಟಿಗಳನ್ನು (ಎರಡೂ ಸಿಎಸ್‌ವಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತಗಳು) ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೋಲಿಸಿದರೆ, ಬದಲಾಗದ ಸಾಲುಗಳೂ ಬೇರೆ ಎಂದು ಬರುತ್ತಿವೆ ಎಂದು ಹೋದ ವಾರ ಕೇಳಿದ್ದೆ.

ಕಡತಗಳನ್ನು ಸಾಲು ಸಾಲಾಗಿ ಹೋಲಿಸುವ ಡಿಫ್ ನೆರವಾಗಲಿಲ್ಲ. ಅದು ಸಾಲುಗಳ ಕ್ರಮವನ್ನೂ ನೋಡುತ್ತದೆ. ನಮ್ಮ ಪಟ್ಟಿಗಳ ಕ್ರಮವೇ ಬೇರೆ. ಸದಸ್ಯ ಸಂಖ್ಯೆಯನ್ನು ಕೀಲಿಯಾಗಿಟ್ಟು ಪ್ಯಾಂಡಾಸ್‌ನ (ಪಟ್ಟಿಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿ) ಔಟರ್ ಮರ್ಜ್, ಅಂದರೆ ಎರಡೂ ಕಡತಗಳ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಜೋಡಿಸುವ ವಿಧಾನ ಬಳಸಿ, ಇಂಡಿಕೇಟರ್ ಎಂಬ ಗುರುತಿನ ಕಾಲಂ ಸೇರಿಸಿ ಎಂದವರ ಸಲಹೆ ಫಲಿಸಿತು. ಯಾವ ಸದಸ್ಯ ಸಂಖ್ಯೆ ಯಾವ ಕಡತದಲ್ಲಿದೆ ಎಂದು ಆ ಕಾಲಂ ಹೇಳುತ್ತದೆ. ಎರಡರಲ್ಲೂ ಇರುವವರ ಉಳಿದ ಕಾಲಂಗಳನ್ನು ಆಮೇಲೆ ಹೋಲಿಸಬೇಕು. ಎಲ್ಲ ಕಾಲಂಗಳನ್ನೂ ಪಠ್ಯವಾಗಿಯೇ ಓದಿಸಬೇಕು. ಇಲ್ಲವಾದರೆ 0047 ಬರೀ 47 ಆಗುತ್ತದೆ.

ಆದರೂ ಊರು ‘ಕೊಪ್ಪ’ ಎಂದಿದ್ದ ಸಾಲುಗಳು ಬೇರೆ ಎಂದೇ ಬಂದು ಹಟ ಹಿಡಿದವು. ಎರಡು ದಿನ ಕಣ್ಣು ನೆಟ್ಟು ನೋಡಿದರೂ ಅಕ್ಷರಗಳು ಒಂದೇ! ಆ ಪದದ ಉದ್ದ ಎಣಿಸಿದಾಗ ಗುಟ್ಟು ತಿಳಿಯಿತು: ಒಂದು ಕಡತದಲ್ಲಿ ಒತ್ವ ಒಂದೇ ಯೂನಿಕೋಡ್ ಸಂಕೇತ (ಕಂಪ್ಯೂಟರ್ ಅಕ್ಷರಕ್ಕೆ ಕೊಡುವ ಸಂಖ್ಯೆ), ಇನ್ನೊಂದರಲ್ಲಿ ಎತ್ವ ಮತ್ತು ಊಕಾರದ ಚಿಹ್ನೆ ಸೇರಿ ಎರಡು ಸಂಕೇತ. ಪರದೆಯ ಮೇಲೆ ಎರಡೂ ಒಂದೇ ರೂಪ. ಕನ್ನಡದ ದತ್ತಾಂಶ ಹೋಲಿಸುವವರು ಇದನ್ನು ಖಂಡಿತ ಗಮನಿಸಿ. ಮರ್ಜ್‌ಗೆ ಮುನ್ನ ಎರಡೂ ಕಡತಗಳನ್ನು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸಿದ ರೂಪಕ್ಕೆ ತಂದೆ. ಈಗ ಉಳಿದಿರುವುದು ನಿಜವಾಗಿ ಬದಲಾದ ಹನ್ನೊಂದು ಸಾಲುಗಳು ಮಾತ್ರ. ನೆರವಾದ ಎಲ್ಲರಿಗೂ ಮನಸಾರೆ ಧನ್ಯವಾದಗಳು.