ಉಗಾದಿಗೆ ಮೊದಲು ಮನೆ ಗುಂಪಲ್ಲಿ ನಡೆದ ಮೆಂತ್ಯದ ಜಗಳ

ನಮ್ಮ ಮನೆ ಗುಂಪಲ್ಲಿ ಮೂವತ್ತೊಂದು ಜನ ಇದ್ದೀವಿ. ಅದರಲ್ಲಿ ಬಂದಿದ್ದನ್ನ ಪೂರ್ತಿ ಓದೋರು ನಾಲ್ಕು ಜನ, ಮಿಕ್ಕವರು ಬರೋದೇ ಹೂವಿನ ಚಿತ್ರ ಹಾಕೋಕೆ. ಉಗಾದಿಗೆ ನಾಲ್ಕು ದಿನ ಇರೋವಾಗ ನಡೆದದ್ದು ಇದು, ನಾನು ಆಫೀಸ್ ಬಸ್ಸಲ್ಲಿ ಕೂತು ಎಲ್ಲಾ ಓದಿದೆ, ಒಂದಕ್ಷರ ಟೈಪ್ ಮಾಡ್ಲಿಲ್ಲ.

ದೊಡ್ಡಪ್ಪ (5:47): "ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರೇ ಎಚ್ಚರ!! ಕತ್ತರಿಸಿದ ಹೊಟ್ಟೆ ಎರಡೇ ವರ್ಷದಲ್ಲಿ ಮತ್ತೆ ಬೆಳೆಯುತ್ತದೆ!! ಬಾಯಿಚಪಲ ಹತ್ತು ಪಟ್ಟು ಹೆಚ್ಚುತ್ತದೆ!! ಡಾಕ್ಟರ್‌ಗಳು ಇದನ್ನು ಹೇಳುವುದಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೆಂತ್ಯ ನೆನೆಸಿದ ನೀರು, ಅದಕ್ಕೆ ಮೂರು ಚಮಚ ಜೇನು. 21 ದಿನದಲ್ಲಿ ಚಪಲ ಮಾಯ. ಎಲ್ಲರಿಗೂ ಕಳಿಸಿ 🙏🙏"

ಯಾರನ್ನ ನೋಡ್ಕೊಂಡು ಕಳಿಸಿದ್ದು ಅಂತ ಗೊತ್ತಿರೋರಿಗೆ ಗೊತ್ತಾಯ್ತು. ಸುಧಕ್ಕ ಗುಂಪಲ್ಲೇ ಇದ್ದಾಳೆ, ಅವಳ ಹೆಸರು ಹಾಕಿಲ್ಲ ಅನ್ನೋದೊಂದೇ ದೊಡ್ಡಪ್ಪನ ಸೌಜನ್ಯ.

ಹಾಸನದ ಅತ್ತೆ: ನಿಜವಾದ ಮಾತು ಅಣ್ಣಾ 🙏

ರವಿ ಮಾವ: 👍

ಪುಟ್ಟ: ಸೋರ್ಸ್ ಏನು ದೊಡ್ಡಪ್ಪ?

ದೊಡ್ಡಪ್ಪ: ನನ್ನ ವಾಕಿಂಗ್ ಗೆಳೆಯರು ಕಳಿಸಿದ್ದು. ಬ್ಯಾಂಕಲ್ಲಿ ಮ್ಯಾನೇಜರ್ ಆಗಿದ್ದೋರು.

ಪುಟ್ಟ: 2016ರಲ್ಲಿ ಎರಡು ಸಾವಿರದ ನೋಟೊಳಗೆ ಚಿಪ್ ಇದೆ ಅಂತ ಕಳಿಸಿದ್ರಲ್ಲ, ಅವರೇನಾ?

ದೊಡ್ಡಪ್ಪ: ಅದು ಬೇರೆ ವಿಷಯ. ಈಗ ಯಾಕೆ ಅದು.

ಪುಟ್ಟ: ಯಾಕೆ ಅಂದ್ರೆ ಇದೂ ಅಂಥದ್ದೇ. ಸ್ಲೀವ್ ಆಪರೇಷನ್ನಲ್ಲಿ ಹೊಟ್ಟೆಯ ಶೇ 75ರಿಂದ 80 ಭಾಗ ತೆಗೆದೇ ಬಿಡ್ತಾರೆ, ತೆಗೆದಿದ್ದು ಬೆಳೆಯಲ್ಲ, ಉಳಿದಿರೋ ಬಾಳೆಹಣ್ಣಿನ ಥರದ ಕೊಳವೆ ಸ್ವಲ್ಪ ಹಿಗ್ಗಬಹುದು ಅಷ್ಟೇ. ಗ್ರೆಲಿನ್ ಅಂತ ಹಸಿವಿನ ಹಾರ್ಮೋನು ಇದೆ, 1999ರಲ್ಲಿ ಜಪಾನಿನವರು ಕಂಡುಹಿಡಿದದ್ದು, ಅದು ಹೆಚ್ಚಾಗಿ ಹುಟ್ಟೋದೇ ಆ ತೆಗೆದ ಭಾಗದಲ್ಲಿ, ಅಂದ್ಮೇಲೆ ಹಸಿವು ಕಮ್ಮಿ ಆಗ್ಬೇಕು, ಹತ್ತು ಪಟ್ಟು ಎಲ್ಲಿಂದ ಬಂತು

ಮೈಸೂರು ಚಿಕ್ಕಮ್ಮ: ಪುಟ್ಟಾ ಡಬ್ಲಿನ್ನಲ್ಲಿ ಈಗ ಹನ್ನೆರಡೂವರೆ ದಾಟಿದೆ ಅಲ್ವೇನೋ, ಮಲಗಲ್ವಾ? ಊಟ ಏನು ಮಾಡ್ದೆ?

ಪುಟ್ಟ: ಚಿಕ್ಕಮ್ಮ ಪ್ಲೀಸ್

ದೊಡ್ಡಪ್ಪ: ಹಾರ್ಮೋನು ಗೀರ್ಮೋನು ನನಗೆ ಗೊತ್ತಿಲ್ಲ. ನಾಲಿಗೆ ಹಿಡಿತದಲ್ಲಿ ಇಲ್ಲದೆ ಹೊಟ್ಟೆ ಕತ್ತರಿಸಿ ಏನು ಫಲ? ನಮ್ಮ ತಂದೆಯವರು ಒಪ್ಪೊತ್ತು ಊಟ ಮಾಡಿ ಎಪ್ಪತ್ತೆಂಟು ವರ್ಷ ಬದುಕಿದ್ರು. ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ.

ಗುಂಡಣ್ಣ: ಒಪ್ಪೊತ್ತು ಹೌದು, ಆದ್ರೆ ಆ ಒಂದು ಹೊತ್ತಿಗೆ ಹನ್ನೆರಡು ಹೋಳಿಗೆ 😂😂 ನಾನೇ ಎಣಿಸಿದ್ದೀನಿ. ಅಜ್ಜಿ ಬಾಳೆಎಲೆ ಮೇಲೆ ತಟ್ಟೋರು, ತಾತ ಎಲೆ ಮುಂದೆ ಕೂತು ತುಪ್ಪದ ಗಿಂಡಿ ಹತ್ರ ಎಳ್ಕೊಳ್ಳೋರು, ಹೋಳಿಗೆ ಸಾರು ಮಾರನೇ ದಿನಕ್ಕೇ ರುಚಿ, ಆ ಹೂರಣ ರುಬ್ಬೋ ಒರಳಿನ ಸದ್ದು ಈಗಲೂ ಕಿವೀಲಿದೆ. ಆ ಒರಳು ಎಲ್ಲಿ ಹೋಯ್ತು ಹೇಳಿ ಯಾರಾದ್ರೂ?

ಇಲ್ಲಿಗೆ ಮೆಂತ್ಯದ ಕಥೆ ಮುಗೀತು. ಒರಳು ಯಾರ ಮನೇಲಿದೆ ಅಂತ ಗುಂಡಣ್ಣನಿಗೂ ಗೊತ್ತು, ದಾವಣಗೆರೆ ಮನೆ ಮಾರಿದ ದಿನ ಲಾರಿಗೆ ಹತ್ತಿಸಿದ್ದೇ ಅವನು.

ಮೈಸೂರು ಚಿಕ್ಕಮ್ಮ: ನಮ್ಮನೇಲಿದೆ. ಅತ್ತೆಯವರೇ ಕೊಟ್ಟಿದ್ದು. ಯಾರಿಗೂ ಬೇಡ ಅಂದಾಗ ತಂದಿದ್ದು. ನಾವು ಅದರಲ್ಲಿ ಒಬ್ಬಟ್ಟು ಮಾಡ್ತೀವಿ ಈಗಲೂ.

ಗುಂಡಣ್ಣ: ಹೋಳಿಗೆ ಅನ್ನಿ ಚಿಕ್ಕಮ್ಮ, ದಾವಣಗೆರೆ ಕಲ್ಲದು 😄

ಹಾಸನದ ಅತ್ತೆ: ಬೇಡ ಅಂದೋರು ಯಾರು? ನನ್ನನ್ನ ಕೇಳಿದ್ರಾ?

ಮೈಸೂರು ಚಿಕ್ಕಮ್ಮ: ಒರಳಿನ ಲೆಕ್ಕ ಕೇಳೋರು ನನ್ನ ಮೂರು ಸ್ಟೀಲ್ ಡಬ್ಬಿ ವಾಪಸ್ ಕೊಡಿ ಮೊದಲು.

ಪುಟ್ಟ: ನಾನು ಕೇಳಿದ್ದು ಸೋರ್ಸ್

ಹಾಸನದ ಅತ್ತೆ: ಅದಿರಲಿ, ಈ ಹೊಟ್ಟೆ ಆಪರೇಷನ್ ನಮ್ಮಲ್ಲಿ ಯಾರು ಮಾಡಿಸ್ಕೊಂಡಿದ್ದಾರೆ ಅಂತ ಇಷ್ಟು ಮಾತು? ಸುಧಾಗೆ ಆಗಿದ್ದು ಪಿತ್ತಕೋಶದ ಕಲ್ಲು ಅಲ್ವಾ?

ಹನ್ನೊಂದು ನಿಮಿಷ ಯಾರೂ ಏನೂ ಹಾಕಲಿಲ್ಲ, ರವಿ ಮಾವನ ಹೆಬ್ಬೆರಳೂ ಇಲ್ಲ. ಅರ್ಧ ಮನೆಗೆ ಪಿತ್ತಕೋಶ ಅಂತ ಹೇಳಿದ್ದು ಸುಧಕ್ಕನ ಅಮ್ಮ. ನನಗೆ ಅದು ತಪ್ಪು ಅನ್ನಿಸಲ್ಲ. ಕಲ್ಲು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ, ತೂಕದ ಆಪರೇಷನ್ ಅಂದ್ರೆ ವಾಕಿಂಗ್ ಮಾಡಬಾರದಿತ್ತಾ ಅಂತಾರೆ.

ಹಾಸನದ ಅತ್ತೆ: ಓ. ನಮಗೆ ಮಾತ್ರ ಸುಳ್ಳು. ಆಯ್ತು.

ಸುಧಕ್ಕ ಆಗ ಬಂದಳು. ಇದು ಒಂದೇ ಮೆಸೇಜು, 'ಮುಂದೆ ಓದಿ' ಒತ್ತಿದ್ರೂ ಮುಗೀಲಿಲ್ಲ.

ಸುಧಕ್ಕ: ಅತ್ತೆ, ನಾವು ಸುಳ್ಳು ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಹೌದು, ಸ್ಲೀವ್ ಮಾಡಿಸ್ಕೊಂಡಿದ್ದು, ಹದಿನಾಲ್ಕು ತಿಂಗಳಾಯ್ತು, 118 ಕೆಜಿ ಇದ್ದೋಳು 79ಕ್ಕೆ ಬಂದೆ, ಈಗ 82. ದೊಡ್ಡಪ್ಪ, ನಿಮ್ಮ ಫಾರ್ವರ್ಡಲ್ಲಿ ಹೊಟ್ಟೆ ಬೆಳೆಯೋದು ಸುಳ್ಳು ಆದ್ರೆ ಚಪಲ ವಾಪಸ್ ಬರೋದು ಸುಳ್ಳಲ್ಲ. ಪುಟ್ಟಾ ನೀನು ಹೇಳಿದ್ದು ನನ್ನ ಮೊದಲ ಏಳೆಂಟು ತಿಂಗಳಿಗೆ ಸರಿ, ಆಗ ಒಗ್ಗರಣೆ ವಾಸನೆ ಬಂದ್ರೇ ಓಡಿಹೋಗ್ತಿದ್ದೆ, ಊಟ ಅಂದ್ರೆ ಔಷಧಿ ಥರ, ಗಡಿಯಾರ ನೋಡ್ಕೊಂಡು ತಿಂತಿದ್ದೆ. ಆಮೇಲೆ ಒಂದು ಸಂಜೆ ಐದು ಗಂಟೆಗೆ ಮಂಡಕ್ಕಿ ಮಿರ್ಚಿ ಬೇಕು ಅನ್ನಿಸ್ತು ನೋಡಿ, ಹಸಿವಲ್ಲ, ಬೇಕು. ಆಪರೇಷನ್ ಹೊಟ್ಟೆಗೆ ಆಗಿದ್ದು, ಸಂಜೆ ಐದು ಗಂಟೆಗೆ ಆಗಿಲ್ಲವಲ್ಲ. ಕಷ್ಟ ಏನಂದ್ರೆ ಅರ್ಧ ಚಪಾತಿ ತಿಂದ್ರೆ ಎದೇಲಿ ನಿಂತ್ಕೊಳ್ಳುತ್ತೆ, ಮಂಡಕ್ಕಿ, ಮಿಕ್ಸ್ಚರ್, ಚಿಪ್ಸು ಮಾತ್ರ ಜಾರ್ಕೊಂಡು ಇಳಿಯುತ್ತೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ಆ ಮೂರು ಕೆಜಿ ಅಲ್ಲಿಂದಾನೇ ಬಂದಿದ್ದು. ಡಯಟಿಷಿಯನ್ ಒಂದು ಪ್ರಶ್ನೆ ಹೇಳಿಕೊಟ್ಟಿದ್ದಾರೆ, ಈಗ ಹೆಸರುಕಾಳು ಉಸಲಿ ಕೊಟ್ರೆ ತಿಂತೀಯಾ ಅಂತ ನನ್ನನ್ನೇ ಕೇಳ್ಕೋಬೇಕು, ತಿಂತೀನಿ ಅಂದ್ರೆ ಹೊಟ್ಟೆ ಹಸಿವು, ಉಸಲಿ ಬೇಡ ಮಂಡಕ್ಕಿನೇ ಬೇಕು ಅಂದ್ರೆ ತಲೆ ಹಸಿವು. ತಲೆ ಹಸಿವಾದ್ರೆ ಇಪ್ಪತ್ತು ನಿಮಿಷ ಟೆರೇಸ್ ಮೇಲೆ ಹೋಗಿ ಬಟ್ಟೆ ಮಡಚ್ತೀನಿ, ಎಷ್ಟೋ ಸಲ ಹೋಗುತ್ತೆ, ಕೆಲವು ಸಲ ಹೋಗಲ್ಲ. ಹೋಗದಿದ್ದಾಗ ಒಂದು ಸಣ್ಣ ಬಟ್ಟಲಿಗೆ ಹಾಕ್ಕೊಂಡು ಕೂತು ತಿಂತೀನಿ, ಪ್ಯಾಕೆಟ್‌ಗೆ ಕೈ ಹಾಕಲ್ಲ. ತಟ್ಟೇಲಿ ಮೊದಲು ಪನೀರು, ಕಾಳು, ಗಟ್ಟಿ ಮೊಸರು, ಆಮೇಲೆ ಅನ್ನ, ದಿನಕ್ಕೆ 60 ಗ್ರಾಂ ಪ್ರೋಟೀನು ಸಸ್ಯಾಹಾರದಲ್ಲಿ ಹೊಂದಿಸೋದು ಎಷ್ಟು ಕಷ್ಟ ಅಂತ ನನಗೇ ಗೊತ್ತು, ಅದು ಕಮ್ಮಿ ಆದ ದಿನ ಸಂಜೆ ಚಪಲ ಗ್ಯಾರಂಟಿ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು. ಬಿ12, ಐರನ್, ಕ್ಯಾಲ್ಸಿಯಂ ಬದುಕಿರೋವರೆಗೂ. ಮೆಂತ್ಯದ ಮೇಲೆ ನನಗೆ ಕೋಪ ಇಲ್ಲ, ಆದ್ರೆ ಖಾಲಿ ಹೊಟ್ಟೆಗೆ ಮೂರು ಚಮಚ ಜೇನು ಬೇಡ, ಪಕ್ಕದ ಮನೆ ಗೃಹಪ್ರವೇಶದಲ್ಲಿ ಎರಡು ಜಾಮೂನು ತಿಂದು ಹದಿನೈದು ನಿಮಿಷಕ್ಕೆ ಬೆವರು, ಎದೆ ಡವಡವ, ಅವರ ಹೊಸ ಮಂಚದ ಮೇಲೆ ಮಲಗಿದ್ದೆ, ಸಿಹಿ ಸರ್ರನೆ ಕರುಳಿಗೆ ಇಳಿದು ಹೀಗಾಗೋದಕ್ಕೆ ಡಂಪಿಂಗ್ ಅಂತಾರೆ, ಬೈಪಾಸ್ (ಹಾರ್ಟಿಂದಲ್ಲ, ತೂಕಕ್ಕೇ ಮಾಡೋ ಹೊಟ್ಟೆಯ ಇನ್ನೊಂದು ಆಪರೇಷನ್) ಮಾಡಿಸ್ಕೊಂಡವರಿಗೆ ಹೆಚ್ಚು, ನಮಗೂ ಆಗುತ್ತೆ. ಕೊನೇದು, ಹೋದ ವರ್ಷ ಉಗಾದಿಗೆ ಎಲ್ಲರೂ 'ಒಂದೇ ಒಂದು' ಅಂತ ಬಡಿಸೋಕೆ ಬಂದ್ರಿ, ಹದಿನಾಲ್ಕು ಜನ ಬಂದ್ರಿ, ಬೇಡ ಬೇಡ ಅಂತ ಹದಿನಾಲ್ಕು ಸಲ ಹೇಳಿ ಬಚ್ಚಲಿಗೆ ಹೋಗಿ ಅತ್ತಿದ್ದೆ. ಈ ಸಲ ಬರ್ತೀನಿ, ಆದ್ರೆ ಯಾರೂ ಬಡಿಸಬೇಡಿ, ನನಗೆಷ್ಟು ಬೇಕೋ ನಾನೇ ಹಾಕ್ಕೋತೀನಿ.

ರವಿ ಮಾವ: 👍

ಗುಂಡಣ್ಣ: ಅಕ್ಕಾ ನೀನು ಮಂಡಕ್ಕಿ ಭಟ್ಟಿ ನೆನಪು ಮಾಡ್ಬಿಟ್ಟೆ, ಆ ಬಿಸಿ ಮರಳಿನ ವಾಸನೆ 😭

ಪುಟ್ಟ: ಗುಂಡಣ್ಣ ಸ್ವಲ್ಪ ಓದೋ ಮೇಲಿಂದ. ಅಕ್ಕಾ ಸಾರಿ, ನಾನು ಗ್ರೆಲಿನ್ ಒಂದನ್ನೇ ಹಿಡ್ಕೊಂಡು ಕೂತಿದ್ದೆ

ಹಾಸನದ ಅತ್ತೆ: ಹದಿನಾಲ್ಕರಲ್ಲಿ ನಾನಿರಲಿಲ್ಲ. ನಾನು ಅವತ್ತು ಪಲ್ಯ ಬಡಿಸ್ತಿದ್ದೆ.

ಮೈಸೂರು ಚಿಕ್ಕಮ್ಮ: ನೀವೇ ಮೊದಲು ಬಡಿಸಿದ್ದು, ವಿಡಿಯೋ ಇದೆ.

ಅತ್ತೆ ಏನೋ ಟೈಪ್ ಮಾಡ್ತಾ ಇದ್ರು, ನಿಲ್ಲಿಸಿದ್ರು, ಮತ್ತೆ ಮಾಡಿದ್ರು, ಕೊನೆಗೆ ಏನೂ ಬರಲಿಲ್ಲ. ನನ್ನ ಸ್ಟಾಪ್ ಬಂದು ಇಳಿಯೋ ಹೊತ್ತಿಗೆ ದೊಡ್ಡಪ್ಪನ ನಂಬರಿಂದ ಒಂದು ಬಂತು.

ದೊಡ್ಡಪ್ಪ: ನಾನು ದೊಡ್ಡಮ್ಮ ಇವರ ಫೋನಿಂದ. ಇವರು ಸ್ನಾನಕ್ಕೆ ಹೋಗಿದ್ದಾರೆ ಆ ಮೆಂತ್ಯದ್ದು ಅಳಿಸೋದು ಹೇಗೆ ನನಗೆ ಬರಲ್ಲ. ಸುಧಾ ಬೆಲ್ಲ ಕಮ್ಮಿ ಹಾಕಿ ಹೂರಣ ಎರಡು ಚಮಚ ಬೇರೆ ತೆಗೆದಿಟ್ಟಿರ್ತೀನಿ ಬೇಕು ಅನ್ನಿಸಿದ ದಿನ ತಿನ್ನು ಅನ್ನಿಸದಿದ್ರೆ ಬೇಡ. ಡಬ್ಬಿ ನೀನೇ ತಾ ಮಗಳೇ ನಮ್ಮನೇಲಿ ಇರೋದೆಲ್ಲಾ ಮೈಸೂರಿನವರದ್ದು.