ಬೇಲೂರು, ಹಳೇಬೀಡು, ಸೋಮನಾಥಪುರ: ಶಿಲ್ಪದ ಫೋಟೋಗೆ ಯಾವ ಗೋಡೆಗೆ ಎಷ್ಟು ಹೊತ್ತಿಗೆ ಹೋಗಬೇಕು?

ದಾರಿಬುತ್ತಿ ಕೇಳಿದ್ದು:

ಜನವರಿ ಎರಡನೇ ವಾರ ಬೇಲೂರು, ಹಳೇಬೀಡು, ಸೋಮನಾಥಪುರ, ಆಮೇಲೆ ಒಂದು ದಿನ ಹಂಪಿ. ಕೈಯಲ್ಲಿರುವುದು ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ) ಕ್ಯಾಮೆರಾ, 16-50 ಕಿಟ್ ಲೆನ್ಸ್, 55-210 ಜೂಮ್, ಜೊತೆಗೆ ಒಂದು ಮೊಬೈಲ್. ಹಿಂದೆ ತೆಗೆದ ಫೋಟೋಗಳಲ್ಲಿ ಮೂರು ತೊಂದರೆ. ಗುಡಿ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಹೊರಗೋಡೆಯ ಶಿಲ್ಪ ಒಂದೋ ಚಪ್ಪಟೆ, ಇಲ್ಲವೇ ಅರ್ಧ ಮುಖ ಕಪ್ಪು. ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ, ಒಳಗೆ ತೆಗೆದದ್ದೆಲ್ಲ ಕಾಳುಕಾಳು. ಟ್ರೈಪಾಡ್ ಒಯ್ಯಬೇಕೇ? ಹೊಸ ಲೆನ್ಸ್ ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ.

ಬಳಪದಕಲ್ಲು ಉತ್ತರ:

ಹೊಸ ಲೆನ್ಸ್ ಬೇಡ. ಯಾವ ಗೋಡೆ ಯಾವ ದಿಕ್ಕಿಗಿದೆ ಎಂದು ಮೊದಲೇ ಬರೆದುಕೊಂಡು ಹೋಗಿ, ನಿಮ್ಮ ಎರಡನೇ ತೊಂದರೆ ಅಲ್ಲಿಗೇ ಮುಕ್ಕಾಲು ಕಳೆಯುತ್ತದೆ.

ಮೂರೂ ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಅಲ್ಲಿಂದ ಸುಮಾರು 22 ಡಿಗ್ರಿ ದಕ್ಷಿಣಕ್ಕೆ ಸರಿದು. ಮುಳುಗುವಾಗಲೂ ಪಶ್ಚಿಮದಿಂದ ಅಷ್ಟೇ ದಕ್ಷಿಣಕ್ಕೆ. ನಡುಹಗಲಿನಲ್ಲಿ ದಕ್ಷಿಣದ ಆಕಾಶದಲ್ಲಿ 55 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗೆ ದಿನವಿಡೀ ಬಿಸಿಲು, ಉತ್ತರದ ಗೋಡೆಗೆ ಒಂದು ನಿಮಿಷವೂ ಇಲ್ಲ.

ಶಿಲ್ಪಕ್ಕೆ ಬೇಕಾದದ್ದು ಓರೆಯಾಗಿ ಸವರಿಕೊಂಡು ಹೋಗುವ ಬೆಳಕು. ಎದುರಿನಿಂದ ಬಿದ್ದರೆ ನೆರಳೇ ಇರುವುದಿಲ್ಲ, ಚಪ್ಪಟೆ. ನೆತ್ತಿಯಿಂದ ಬಿದ್ದರೆ ಕಿರೀಟದ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ. ನಿಮ್ಮ ಅರ್ಧ ಮುಖ ಕಪ್ಪಾಗಿದ್ದು ಹೀಗೇ ಇರಬೇಕು. ಬೆಳಗ್ಗೆ 9.30ಕ್ಕೆ ಸೂರ್ಯ 33 ಡಿಗ್ರಿ ಎತ್ತರದಲ್ಲಿ, ಆಗ್ನೇಯದಲ್ಲಿರುತ್ತಾನೆ. ಆಗ ದಕ್ಷಿಣದ ಗೋಡೆಯ ಎದುರು ನಿಂತರೆ ಬೆಳಕು ನಿಮ್ಮ ಬಲಗಡೆಯಿಂದ ಓರೆಯಾಗಿ ಬರುತ್ತದೆ. ಬೇಲೂರಿಗೆ ಇದೇ ಹೊತ್ತು.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಅತ್ಯುತ್ತಮ ಕೆತ್ತನೆ ಇರುವುದು ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯಲ್ಲಿ. ಬೆಳಗ್ಗೆ ಹೋದವರಿಗೆ ಅದು ಪೂರ್ತಿ ನೆರಳಿನಲ್ಲಿ ಸಿಗುತ್ತದೆ. ಮಧ್ಯಾಹ್ನ 3 ಗಂಟೆಗೆ ಸೂರ್ಯ ನೈಋತ್ಯದಲ್ಲಿ ಸುಮಾರು 40 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ, 4.30ಕ್ಕೆ 22 ಡಿಗ್ರಿಗೆ. ಈ ಒಂದೂವರೆ ಗಂಟೆಯೇ ಆ ಗೋಡೆಯ ಹೊತ್ತು. ಅದನ್ನು ಊಟಕ್ಕೆ ಕಳೆಯಬೇಡಿ. ಎರಡೂ ಊರಿಗೆ ನಡುವೆ 16 ಕಿಲೋಮೀಟರ್ ಅಷ್ಟೇ, ಬೆಳಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು ಸಲೀಸು.

ಸೋಮನಾಥಪುರವೂ ಮಧ್ಯಾಹ್ನದ್ದೇ. ತ್ರಿಕೂಟದ ನಕ್ಷತ್ರಾಕಾರದ ಗರ್ಭಗುಡಿಗಳು, ಮೂರೂ ಶಿಖರಗಳು ಒಟ್ಟಿಗೆ ಕಾಣುವುದು ಹಿಂದಿನಿಂದ. ಜನವರಿಯ ಸಂಜೆಬಿಸಿಲು ಬೀಳುವುದು ನೈಋತ್ಯ ಮೂಲೆಗೆ. 2.30ರೊಳಗೆ ಒಳಗಿರಿ, ಸುತ್ತಿನ ಕೈಸಾಲೆಯೊಳಗೆ ನಿಂತು ಆ ಮೂಲೆಯಿಂದ ತೆಗೆಯಿರಿ. ಬಿಸಿಲು ಇಳಿದಂತೆ ಕೈಸಾಲೆಯ ನೆರಳು ಅಂಗಳದ ಮೇಲೆ ಚಾಚಿಕೊಳ್ಳುತ್ತಾ ಗುಡಿಯ ಬುಡದತ್ತ ಬರುತ್ತದೆ. ಆನೆ ಸಾಲು ಬೇಕಿದ್ದರೆ ಅದನ್ನು ಮೊದಲು ಮುಗಿಸಿ, ಶಿಖರ ಕೊನೆಗೆ.

ಇನ್ನೊಂದು. ಬಳಪದ ಕಲ್ಲು ಹಸಿರು ಮಿಶ್ರಿತ ಕಡುಬೂದು. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದು ಎಂದು ಎಣಿಸುವುದರಿಂದ ಕಲ್ಲು ತಿಳಿಯಾಗಿ, ಸುಣ್ಣ ಬಳಿದ ಹಾಗೆ ಬರುತ್ತದೆ. ಫ್ರೇಮಿನ ತುಂಬ ಕಲ್ಲೇ ಇದ್ದಾಗ ಎಕ್ಸ್‌ಪೋಷರ್ ಕಾಂಪನ್ಸೇಷನ್ ಮೈನಸ್ 0.7 ಇಡಿ, ಅಂದರೆ ಮೀಟರ್ ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಬೆಳಕು.

ಓಲಂಬ ಉತ್ತರ:

ಗುಡಿ ವಾಲುವುದರ ಬಗ್ಗೆ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ ಕ್ಷಣ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಉಳಿಯುವುದಿಲ್ಲ. ಗೋಡೆಯ ಮೇಲ್ಭಾಗ ಸೆನ್ಸರಿನಿಂದ ದೂರವಾಗಿ ಸಣ್ಣದಾಗುತ್ತದೆ, ನೆಟ್ಟಗಿನ ಗೆರೆಗಳು ಮೇಲೆ ಹೋಗಿ ಕೂಡುತ್ತವೆ. ಲೆನ್ಸಿನ ದೋಷವಲ್ಲ ಇದು. ಎಷ್ಟೇ ದುಬಾರಿ ಲೆನ್ಸ್ ಹಾಕಿ ಎತ್ತಿದರೂ ಇದೇ ಆಗುತ್ತದೆ.

ಹಾಗಾಗಿ ಕ್ಯಾಮೆರಾ ಮಟ್ಟಸವಾಗಿರಲಿ, ನೀವು ಹಿಂದೆ ಸರಿಯಿರಿ. ಎಷ್ಟು ಹಿಂದೆ ಎನ್ನುವುದಕ್ಕೆ ಲೆಕ್ಕವಿದೆ. ನಿಮ್ಮ ಲೆನ್ಸಿನ 16 ಎಂಎಂನಲ್ಲಿ ಕ್ಯಾಮೆರಾ ಮಟ್ಟಸವಾಗಿ ಅಡ್ಡ ಹಿಡಿದರೆ, ಕಣ್ಣಿನ ಮಟ್ಟದಿಂದ ಮೇಲೆ ದೂರದ ಅರ್ಧದಷ್ಟು ಎತ್ತರ ಫ್ರೇಮಿಗೆ ಬರುತ್ತದೆ. ಉದ್ದಕ್ಕೆ ಹಿಡಿದರೆ ಮುಕ್ಕಾಲು. 10 ಮೀಟರ್ ಎತ್ತರದ ಕಟ್ಟಡ, ಕಣ್ಣಿನ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಉಳಿದ ಎಂಟೂವರೆ ಮೀಟರಿಗೆ ಅಡ್ಡ ಹಿಡಿದರೆ 17 ಮೀಟರ್, ಉದ್ದ ಹಿಡಿದರೆ ಸುಮಾರು ಹನ್ನೊಂದೂವರೆ ಮೀಟರ್ ದೂರ ಬೇಕು. ಫೋಟೋದ ಕೆಳಗಿನ ಅರ್ಧ ಬರೀ ನೆಲ ಬರುತ್ತದೆ, ಕತ್ತರಿಸಿ ಹಾಕಿ. 24 ಮೆಗಾಪಿಕ್ಸೆಲ್‌ನಲ್ಲಿ ಅರ್ಧ ಹೋದರೂ 12 ಉಳಿಯುತ್ತದೆ, ದೊಡ್ಡ ಪ್ರಿಂಟಿಗೂ ಸಾಕು.

ಜಾಗವಿಲ್ಲದೆ ಎತ್ತಲೇಬೇಕಾದರೆ ಆದಷ್ಟು ಕಮ್ಮಿ ಎತ್ತಿ. ಎರಡೂ ಪಕ್ಕದಲ್ಲಿ ಫ್ರೇಮಿನ ಐದನೇ ಒಂದರಷ್ಟು ಜಾಗ ಖಾಲಿ ಬಿಡಿ. ಲೈಟ್‌ರೂಮಿನ ಟ್ರಾನ್ಸ್‌ಫಾರ್ಮ್ ವಿಭಾಗದಲ್ಲಿ ಗೈಡೆಡ್ ಆರಿಸಿ, ನಿಜಕ್ಕೂ ನೆಟ್ಟಗಿರುವ ಎರಡು ಅಂಚುಗಳ ಮೇಲೆ ಗೆರೆ ಎಳೆದರೆ ಗುಡಿ ನಿಲ್ಲುತ್ತದೆ. ಮೇಲಿನ ಮೂಲೆಗಳು ಹಿಗ್ಗುವಾಗ ಬದಿಗಳು ಕತ್ತರಿಸಿಹೋಗುತ್ತವೆ, ಖಾಲಿ ಬಿಡಲು ಹೇಳಿದ್ದು ಅದಕ್ಕೇ. ಹೊಯ್ಸಳ ಗುಡಿಗೆ ಮಾತ್ರ ಒಂದು ಎಚ್ಚರಿಕೆ: ಶಿಖರದ ಅಂಚು ಮೇಲಕ್ಕೆ ಹೋದಂತೆ ತಾನಾಗಿಯೇ ಒಳಸರಿಯುತ್ತದೆ. ಅದರ ಮೇಲೆ ಗೆರೆ ಎಳೆದರೆ ಇಡೀ ಗುಡಿ ಮೇಲೆ ಅಗಲವಾಗಿ ಕೊಡೆಯ ಹಾಗಾಗುತ್ತದೆ. ಬಾಗಿಲುವಾಡದ ಅಂಚು, ಗೋಡೆಯ ಅರೆಗಂಬಗಳು, ಇವನ್ನೇ ಹಿಡಿಯಿರಿ.

ಹಳೇಬೀಡಿನಲ್ಲಿ ಜಗತಿಯ, ಅಂದರೆ ಗುಡಿ ನಿಂತ ಎತ್ತರದ ಕಟ್ಟೆಯ, ಮೇಲೆ ಗುಡಿಯ ಸುತ್ತ ಸಿಗುವ ಅಗಲ ಸುಮಾರು 15 ಅಡಿ. ಅಲ್ಲಿ ನಿಂತು ಪೂರ್ತಿ ಗೋಡೆ ತೆಗೆಯುವ ಆಸೆ ಬಿಡಿ. ಪೂರ್ತಿ ಗೋಡೆಗೆ ಜಗತಿಯಿಂದ ಇಳಿದು ಹುಲ್ಲುಹಾಸಿಗೆ ಬನ್ನಿ, ಜಗತಿಯ ಮೇಲಿದ್ದಾಗ ಬಿಡಿ ಶಿಲ್ಪ ಮಾತ್ರ. ಬುಡದ ಆನೆ ಸಾಲಿಗೆ ನೆಲದ ಮೇಲೆ ಕೂತು, ಲೆನ್ಸನ್ನು ಆನೆಯ ಕಣ್ಣಿನ ಮಟ್ಟಕ್ಕೆ ತನ್ನಿ. ನಿಂತು ಕೆಳಗೆ ಬಗ್ಗಿಸಿದರೆ ಆನೆಗಳ ಕಾಲು ಗಿಡ್ಡವಾಗುತ್ತದೆ.

ಕಿರುಗಿಂಡಿ ಉತ್ತರ:

ಟ್ರೈಪಾಡ್ ಮನೆಯಲ್ಲೇ ಇರಲಿ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಅಡ್ಡಿಯಿಲ್ಲ. ಟ್ರೈಪಾಡಿಗೆ ಮತ್ತು ಡ್ರೋನಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಗೇಟಿನಲ್ಲಿ ನಿಂತು ಕೇಳಿದರೆ ಸಿಗುವಂಥದ್ದಲ್ಲ. ಬೇಲೂರಿನ ಚೆನ್ನಕೇಶವನಿಗೆ ನಿತ್ಯಪೂಜೆ ನಡೆಯುತ್ತದೆ. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸುವ ಮುಂಚೆ ಅರ್ಚಕರನ್ನು ಕೇಳಿ, ಬೇಡವೆಂದರೆ ಬೇಡ.

ಒಳಗಿನ ಕತ್ತಲಿಗೆ ಕಾರಣವಿದೆ. ಬೇಲೂರಿನ ನವರಂಗ ಮೊದಲು ತೆರೆದಿತ್ತು, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸುತ್ತ ಜಾಲಂಧ್ರಗಳನ್ನು, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳನ್ನು, ಕೂರಿಸಿದರು. ಈಗ ಬೆಳಕು ಬರುವುದು ಬಾಗಿಲುಗಳಿಂದ ಮತ್ತು ಆ ತೂತುಗಳಿಂದ. ಬಾಗಿಲಿನಿಂದ ದೂರದ ಕಂಬಗಳಿಗೆ ನಿಮ್ಮ ಕಿಟ್ ಲೆನ್ಸಿನಲ್ಲಿ 16 ಎಂಎಂ, ಎಫ್/3.5 (ಲೆನ್ಸಿನ ಕಂಡಿ ಪೂರ್ತಿ ತೆರೆದು), ಐಎಸ್‌ಒ 3200 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಶಟರ್ 1/20 ಸೆಕೆಂಡಿನ ಆಸುಪಾಸು ಸಿಗುತ್ತದೆ. ಅಲ್ಲಾಡದೆ ಹಿಡಿಯಬಹುದು, ಆದರೆ ನೀವು ಹೇಳಿದ ಕಾಳು ಖಂಡಿತ ಬರುತ್ತದೆ.

ಕಾಳು ಹೋಗಲಾಡಿಸುವ ದಾರಿ: ಒಂದೇ ಫ್ರೇಮನ್ನು 16 ಸಲ ತೆಗೆಯಿರಿ. ಕಲ್ಲು ಹದಿನಾರರಲ್ಲೂ ಒಂದೇ, ಕಾಳು ಪ್ರತಿ ಸಲ ಬೇರೆ ಕಡೆ. ಸರಾಸರಿ ತೆಗೆದರೆ ಕಾಳು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಅಂದರೆ ಐಎಸ್‌ಒ 200ರಲ್ಲಿ ತೆಗೆದಷ್ಟು ನಯ. ಮ್ಯಾನ್ಯುಯಲ್ ಎಕ್ಸ್‌ಪೋಷರ್, ಮ್ಯಾನ್ಯುಯಲ್ ಫೋಕಸ್, ರಾ ಫೈಲ್ (ಸೆನ್ಸರಿನ ಕಚ್ಚಾ ಮಾಹಿತಿ), ಬರ್ಸ್ಟ್ ಮೋಡ್ (ಎಡೆಬಿಡದೆ ಒಂದರ ಹಿಂದೊಂದು). ನೆಲದ ಮೇಲೆ ಕೂತು ಮೊಣಕೈಗಳನ್ನು ಮೊಣಕಾಲಿಗೆ ಊರಿ. ತಿರುಗಣಿಯಲ್ಲಿ ಕಡೆದ ಆ ಕಂಬಗಳಿಗೆ ದಯವಿಟ್ಟು ಒರಗಬೇಡಿ, ಬೆವರು ಎಣ್ಣೆಯೇ ಅವನ್ನು ಕಪ್ಪಾಗಿಸುತ್ತಿರುವುದು. ಫೋಟೋಶಾಪಿನಲ್ಲಿ ಫೈಲ್ ಮೆನು, ಸ್ಕ್ರಿಪ್ಟ್ಸ್, ಲೋಡ್ ಫೈಲ್ಸ್ ಇಂಟು ಸ್ಟ್ಯಾಕ್. ಅಲ್ಲಿ ಅಲೈನ್ ಮತ್ತು ಸ್ಮಾರ್ಟ್ ಆಬ್ಜೆಕ್ಟ್ ಎರಡಕ್ಕೂ ಟಿಕ್ ಹಾಕಿ, ಆಮೇಲೆ ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ (ಸರಾಸರಿ) ಆರಿಸಿ. ಮಧ್ಯೆ ಜನ ಓಡಾಡುತ್ತಿದ್ದರೆ ಬರ್ಸ್ಟ್ ಬೇಡ, ಹತ್ತು ಸೆಕೆಂಡಿಗೊಂದರಂತೆ ತೆಗೆದು ಮೀನ್ ಬದಲು ಮೀಡಿಯನ್ (ನಡುವಿನ ಬೆಲೆ) ಕೊಡಿ. ಅರ್ಧಕ್ಕಿಂತ ಹೆಚ್ಚು ಫ್ರೇಮುಗಳಲ್ಲಿ ಒಂದೇ ಜಾಗದಲ್ಲಿ ನಿಂತವರನ್ನು ಬಿಟ್ಟು ಉಳಿದವರೆಲ್ಲ ಮಾಯ.

ಭುವನೇಶ್ವರಿಗೆ, ಅಂದರೆ ನಡುವಿನ ಒಳಮಾಡಿಗೆ, ಇನ್ನೂ ಸುಲಭ. ಮಡಿಸಿದ ಟವೆಲ್ ನೆಲಕ್ಕೆ ಹಾಸಿ, ಕ್ಯಾಮೆರಾವನ್ನು ಬೆನ್ನಡಿಯಾಗಿ ಮಲಗಿಸಿ. ಐಎಸ್‌ಒ 200, ಎಫ್/8, 4 ಸೆಕೆಂಡ್, 10 ಸೆಕೆಂಡಿನ ಟೈಮರ್. ಒತ್ತಿ ನಾಲ್ಕು ಹೆಜ್ಜೆ ದೂರ ಹೋಗಿ. ಪಕ್ಕದಲ್ಲೇ ನಿಂತರೆ ನಿಮ್ಮ ತಲೆ ಫ್ರೇಮಿನೊಳಗೆ ಇಣುಕುತ್ತದೆ. ಮಾಡುವ ಮುನ್ನ ಕಾವಲುಗಾರರಿಗೆ ಒಂದು ಮಾತು ಹೇಳಿ, ಗುಂಪು ಬಂದಾಗ ಎತ್ತಿಬಿಡಿ.

ಫ್ಲ್ಯಾಶ್ ಹಾಕಲೇಬೇಡಿ. ಮುಂದಿನಿಂದ ಹೊಡೆದ ಬೆಳಕು ಇಡೀ ಕೆತ್ತನೆಯನ್ನು ಒರೆಸಿಬಿಡುತ್ತದೆ.

ದಾರಿಬುತ್ತಿ:

ಎಲ್ಲರಿಗೂ ನಮಸ್ಕಾರ, ಒಂದೊಂದನ್ನೂ ಬರೆದುಕೊಂಡೆ. ಎರಡು ಸಂಶಯ ಉಳಿದಿವೆ. ಬೇಲೂರಿನ ಮದನಿಕೆಯರು, ಆ ಹೆಣ್ಣು ಶಿಲ್ಪಗಳು, ಸೂರಿನ ಕೆಳಗೆ ಇದ್ದಾರಲ್ಲ, ಅವರಿಗೆ ಓರೆಬಿಸಿಲು ಸಿಗುವುದು ಯಾವಾಗ? ಉತ್ತರದ ಗೋಡೆಯನ್ನು ಬಿಟ್ಟೇಬಿಡಬೇಕೇ?

ಸೂರಿನಡಿ ಉತ್ತರ:

ಬಳಪದಕಲ್ಲು ಸರ್ ಹೇಳಿದ್ದು ಗೋಡೆಯ ಶಿಲ್ಪಗಳಿಗೆ ನೂರಕ್ಕೆ ನೂರು ಸರಿ. ಮದನಿಕೆಯರಿಗೆ ಮಾತ್ರ ಲೆಕ್ಕ ಉಲ್ಟಾ. ಹೊರಗಿನ 38 ಮದನಿಕೆಯರೂ ಸೂರಿನಡಿ ಮುಂದಕ್ಕೆ ಬಾಗಿ ನಿಂತಿದ್ದಾರೆ. ಬೆಳಗಿನ ಓರೆಬಿಸಿಲಿನಲ್ಲಿ ಸೂರಿನ ನೆರಳು ಕೆಲವರ ಎದೆಯ ಮೇಲೆ ಕತ್ತರಿ ಹಾಕಿದ ಹಾಗೆ ಬೀಳುತ್ತದೆ, ಅರ್ಧ ಬಿಳಿ ಅರ್ಧ ಕಪ್ಪು. ದಕ್ಷಿಣ ಬದಿಯಲ್ಲಿ 11.30ರಿಂದ 1.30ರವರೆಗೆ ಸೂರ್ಯ ಮೇಲೇರಿದಾಗ ಅವರು ಸೂರಿನ ನೆರಳಿನೊಳಗೆ ಸರಿಯುತ್ತಾರೆ. ಅಂಗಳದ ಹಾಸುಗಲ್ಲಿಗೂ ಜಗತಿಗೂ ಬಿದ್ದ ಬಿಸಿಲು ಪುಟಿದು ಕೆಳಗಿನಿಂದ ಅವರ ಮುಖಕ್ಕೆ ಬರುತ್ತದೆ. ಕೆಳಗೆ ನಿಂತು ತಲೆಯೆತ್ತಿ ನೋಡುವವರಿಗಾಗಿಯೇ ಬಾಗಿಸಿ ನಿಲ್ಲಿಸಿದ ಶಿಲ್ಪಗಳಿಗೆ ಇದಕ್ಕಿಂತ ಒಪ್ಪುವ ಬೆಳಕಿಲ್ಲ. ಎಲ್ಲರೂ ಕ್ಯಾಮೆರಾ ಒಳಗಿಡುವ ಹೊತ್ತು ಅದು. ಜಗತಿಯ ಮೇಲೆ ಬರಿಗಾಲು, ಕಲ್ಲು ಚುರುಗುಟ್ಟುತ್ತದೆ. ದಪ್ಪ ಕಾಲುಚೀಲ ಒಯ್ಯಿರಿ.

ಮದನಿಕೆಯ ಕಾಲಡಿ ನಿಂತು ತೆಗೆದರೆ ಗಲ್ಲ ಮತ್ತು ಮೂಗಿನ ಹೊಳ್ಳೆ ಮಾತ್ರ ಕಾಣುತ್ತದೆ. ಜಗತಿಯಿಂದ ಕೆಳಗಿಳಿದು ಅಂಗಳದಲ್ಲಿ ಹಿಂದೆ ಸರಿದು 55-210ರಲ್ಲಿ 100ರಿಂದ 150ರ ನಡುವೆ ಹಿಡಿಯಿರಿ. ದೂರ ಹೋದಷ್ಟೂ ಕೋನ ಇಳಿಯುತ್ತದೆ. ಎಫ್/6.3, ಶಟರ್ 1/250ಕ್ಕಿಂತ ಕೆಳಗೆ ಬೇಡ, ಐಎಸ್‌ಒ ಎಷ್ಟಾದರೂ ಆಗಲಿ. ಹಿನ್ನೆಲೆಯ ಆಕಾಶ ಸೇರಿದರೆ ಮುಖ ಕಪ್ಪಾಗುತ್ತದೆ, ಸ್ಪಾಟ್ ಮೀಟರಿಂಗ್ ಇಟ್ಟು ಮುಖಕ್ಕೆ ಅಳೆಯಿರಿ.

ಉತ್ತರದ ಗೋಡೆಯನ್ನು ಬಿಡಬೇಡಿ. ನೆರಳಿನ ಮೆದುಬೆಳಕಿನಲ್ಲಿ ಆಳವಾದ ಕೆತ್ತನೆ ಚೆನ್ನಾಗಿಯೇ ಬರುತ್ತದೆ, ಬಣ್ಣ ಮಾತ್ರ ನೀಲಿಗೆ ಹೊರಳುತ್ತದೆ. ವೈಟ್ ಬ್ಯಾಲೆನ್ಸನ್ನು 7000 ಕೆಲ್ವಿನ್ ಆಸುಪಾಸಿಗೆ ಏರಿಸಿ, ಇಲ್ಲವೇ ಒಂದು ಬೂದು ಕಾರ್ಡ್ ಹಿಡಿದು ಮೊದಲ ಫ್ರೇಮ್ ತೆಗೆದಿಟ್ಟುಕೊಳ್ಳಿ. ಅದಕ್ಕೆ ಬಿಸಿಲೇ ಬೇಕೆಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳಿಗೆ ಇನ್ನೊಮ್ಮೆ ಬನ್ನಿ. ಬೇಲೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ, ಬೆಳಗ್ಗೆ ಸಂಜೆ ಉತ್ತರದ ಗೋಡೆಗೆ ಓರೆಬಿಸಿಲು. ಜೂನ್ ಆದಮೇಲೆ ಮಲೆನಾಡಿನ ಅಂಚಿನ ಆ ಊರಿನಲ್ಲಿ ಮೋಡದ್ದೇ ರಾಜ್ಯ.

ಓಲಂಬ:

ಸೂರಿನಡಿ ಅವರ ಮಾತಿಗೆ ಒಂದೇ ಸೇರ್ಪಡೆ. ಮೊಬೈಲಿನಲ್ಲಿ 0.5 (ಅತಿ ಅಗಲದ ಲೆನ್ಸ್) ಒತ್ತಬೇಡಿ. ಅಂಚಿನಲ್ಲಿರುವ ಕಂಬಗಳು ಹಿಗ್ಗಿ ದಪ್ಪವಾಗುತ್ತವೆ. 1ರಲ್ಲೇ ಇಟ್ಟು ಹಿಂದೆ ಹೋಗಿ, ಮೇಲಿನ ಅರ್ಧ-ಮುಕ್ಕಾಲಿನ ಲೆಕ್ಕ ಅದಕ್ಕೂ ಸುಮಾರಾಗಿ ಹೊಂದುತ್ತದೆ. ಗ್ರಿಡ್ ಆನ್ ಇರಲಿ.

ಕಿರುಗಿಂಡಿ:

ಹಂಪಿಯ ಬಗ್ಗೆ ಯಾರೂ ಬರೆದಿಲ್ಲ. ಒಂದೇ ದಿನವಾದರೆ ಬೆಳಗಿನ ಹೊತ್ತು ಮಾತಂಗ ಬೆಟ್ಟಕ್ಕೆ. ಜನವರಿಯಲ್ಲಿ ಸೂರ್ಯೋದಯ 6.50ರ ಸುಮಾರಿಗೆ, 6 ಗಂಟೆಗೆ ಬುಡದಲ್ಲಿರಿ. ತಲೆಗೆ ಕಟ್ಟುವ ಟಾರ್ಚ್ ಬೇಕು, ಒಂಟಿಯಾಗಿ ಹತ್ತಬೇಡಿ. ಮೇಲೆ ಎಲ್ಲರೂ ಪೂರ್ವಕ್ಕೆ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಸೂರ್ಯ ಬಂದ ಹತ್ತು ನಿಮಿಷಕ್ಕೆ ನೀವು ಪಶ್ಚಿಮಕ್ಕೆ ತಿರುಗಿ: ವಿರೂಪಾಕ್ಷ ಬಜಾರಿನ ಉದ್ದಕ್ಕೂ ನೋಟ, ಕೊನೆಯಲ್ಲಿ ಪೂರ್ವದ ಗೋಪುರ, ಅದರ ಮುಖಕ್ಕೆ ನೇರ ಹೊಂಬಿಸಿಲು. 55-210 ಹಾಕಿ. ಆಟೋ ವೈಟ್ ಬ್ಯಾಲೆನ್ಸ್ ಆ ಬಣ್ಣವನ್ನು ತೊಳೆದುಹಾಕುತ್ತದೆ, ಡೇಲೈಟ್‌ಗೆ ಕಟ್ಟಿಹಾಕಿ.

ಕೆಳಗಿಳಿದ ಮೇಲೆ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲಕೋಣೆಗೆ ಹೋಗಿ. ಸಣ್ಣ ಕಂಡಿಯಿಂದ ಬಂದ ಬೆಳಕು ಗೋಪುರದ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ಮೂಡಿಸುತ್ತದೆ. ಆಟೋಫೋಕಸ್ ಅಲ್ಲಿ ತಡಕಾಡುತ್ತದೆ. ಗೋಡೆಯ ಒಂದು ಬಿರುಕಿಗೆ ಕೈಯಿಂದ ಫೋಕಸ್ ಮಾಡಿ, ಕ್ಯಾಮೆರಾವನ್ನು ಬ್ಯಾಗಿನ ಮೇಲೆ ಕೂರಿಸಿ, 2 ಸೆಕೆಂಡಿನಿಂದ ಶುರು ಮಾಡಿ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡುತ್ತಾ ಏರಿಸಿ. ಯಾರಾದರೂ ಕಂಡಿಗೆ ಅಡ್ಡ ನಿಂತರೆ ಬಿಂಬವೇ ಹೋಗುತ್ತದೆ, ಅವರು ನೋಡಿ ಮುಗಿಸುವವರೆಗೆ ಕಾಯಿರಿ.